ಬಸಿದ ನೀರು ಚೆಲ್ಲಿದವನ ಪಾಠಗಳು

ಮಾಸ್ತಿಗೆ ಬರುವವರಲ್ಲಿ ಎರಡು ಬಗೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಊರು ಹೇಗಿದೆ ನೋಡೋಣ ಎಂದು ಬರುವವರು ಒಂದು ಬಗೆ. ಮಾಲೂರಿನಿಂದ ಬೇರೆಲ್ಲಿಗೋ ಹೊರಟು ದಾರಿ ತಪ್ಪಿ ಬರುವವರು ಇನ್ನೊಂದು ಬಗೆ. ಮಧ್ಯಾಹ್ನ ಒಂದು ಗಂಟೆಗೆ ಇಬ್ಬರಿಗೂ ಹಸಿವಾಗುತ್ತದೆ. ಆ ಹಸಿವನ್ನೇ ನಂಬಿಕೊಂಡು ಹನ್ನೊಂದು ವರ್ಷದ ಹಿಂದೆ ಬೆಂಗಳೂರಿನ ಲೆಕ್ಕ ಬರೆಯುವ ಕೆಲಸ ಬಿಟ್ಟು ಬಂದೆ. ಊರಾಚೆಯ ನಮ್ಮ ಹೆಂಚಿನ ಮನೆಯ ಪಡಸಾಲೆಯಲ್ಲಿ ಭಾನುವಾರದ ಊಟ ಹಾಕಲು ಶುರುಮಾಡಿದೆ. ಚಾಪೆ, ಬಾಳೆ ಎಲೆ, ಇಪ್ಪತ್ತು ಜನ. ಇಪ್ಪತ್ತೊಂದನೆಯವರು ಬಂದರೆ ನನ್ನ ಊಟ ಅವರಿಗೆ.

ನಾನು ಅಡುಗೆಯವನಲ್ಲ. ಅಡುಗೆ ಗೊತ್ತಿರುವುದು ಅಮ್ಮನಿಗೆ, ಆಮೇಲೆ ನನ್ನ ಹೆಂಡತಿಗೆ. ನಾನು ತಪ್ಪು ಮಾಡುತ್ತೇನೆ, ಅವರು ತಿದ್ದುತ್ತಾರೆ, ಬಂದವರು ಉಣ್ಣುತ್ತಾರೆ. ಕೋಲಾರದ ಕಡೆ ಬಂದರೆ ಏನು ತಿನ್ನಬೇಕು, ಅದನ್ನು ಹೇಗೆ ಮಾಡುತ್ತಾರೆ ಎಂದು ಕೇಳುವವರು ಹೆಚ್ಚಾಗಿದ್ದಾರೆ. ಸರಿಯಾಗಿ ಮಾಡುವುದನ್ನು ಹೇಳಲು ನನಗಿಂತ ಯೋಗ್ಯರು ಪ್ರತಿ ಮನೆಯಲ್ಲೂ ಇದ್ದಾರೆ. ಕೆಡಿಸುವುದು ಹೇಗೆ ಎಂಬುದನ್ನು ಮಾತ್ರ ನಾನು ನಂಬಿಕೆಯಿಂದ ಹೇಳಬಲ್ಲೆ.

1. ಬಸಿದ ನೀರನ್ನು ಚೆಲ್ಲಬೇಡಿ

ಮೊದಲ ಭಾನುವಾರ ಬಸ್ಸಾರು ಎಂದು ತೀರ್ಮಾನಿಸಿದ್ದೆ. ಅವತ್ತೇ ಅಮ್ಮ ನೆಂಟರ ಮದುವೆಗೆ ಹೋಗಿದ್ದಳು. ತೊಗರಿಬೇಳೆ, ದಂಟಿನ ಸೊಪ್ಪು ಉಪ್ಪು ಹಾಕಿ ಬೇಯಿಸಿದೆ, ಜಾಲರಿಗೆ ಸುರಿದೆ. ಬಿಸಿನೀರು ಸೀದಾ ಬಚ್ಚಲಿಗೆ ಹೋಯಿತು. ಬೆಂಗಳೂರಿನ ರೂಮಿನಲ್ಲಿ ವರ್ಷಗಟ್ಟಲೆ ನೂಡಲ್ಸ್ ಬಸಿದು ತಿಂದವನು ನಾನು, ಬಸಿಯುವುದೆಂದರೆ ಬೇಡದ್ದನ್ನು ತೆಗೆಯುವುದು ಎಂದೇ ತಿಳಿದಿದ್ದೆ. ಬೇಳೆ ಸೊಪ್ಪಿಗೆ ಒಗ್ಗರಣೆ ಹಾಕಿ ಪಲ್ಯ ಮಾಡಿದೆ. ಹೊಸ ನೀರಿಗೆ ಸಾರಿನ ಪುಡಿ, ಹುಣಸೆಹಣ್ಣು ಹಾಕಿ ಕುದಿಸಿ ಅದನ್ನೇ ಬಸ್ಸಾರು ಎಂದು ಬಡಿಸಿದೆ. ಒಂಬತ್ತು ಜನ ಬಂದಿದ್ದರು. ಯಾರೂ ಏನೂ ಅನ್ನಲಿಲ್ಲ, ಎರಡನೇ ಸಲ ಸಾರನ್ನೂ ಕೇಳಲಿಲ್ಲ.

ಸಂಜೆ ಅಮ್ಮ ಬಂದವಳು ಪಾತ್ರೆಗೆ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡಳು.

“ಕಟ್ಟು ಎಲ್ಲಪ್ಪಾ?”

“ಯಾವ ಕಟ್ಟು?”

“ಬಸ್ದಿದ್ದ ನೀರು.”

“ಚೆಲ್ದೆ.”

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಾರು ಚೆಲ್ಬುಟ್ಟು ನೀರು ಬಡಿಸಿದೀಯ” ಎಂದಳು.

ಬಸ್ಸಾರು ಎಂಬ ಹೆಸರಿನಲ್ಲೇ ವಿಷಯವೆಲ್ಲ ಇತ್ತು. ಬಸಿದ ಸಾರು ಬಸ್ಸಾರು. ಕಾಳು ಅಥವಾ ಬೇಳೆ, ಜೊತೆಗೆ ಸೊಪ್ಪು ಬೆಂದ ನೀರನ್ನು ಬಸಿದು ಇಟ್ಟುಕೊಳ್ಳುವುದು, ಅದೇ ಕಟ್ಟು. ಬೆಂದದ್ದರಲ್ಲಿ ಒಂದು ಹಿಡಿ ತೆಗೆದು, ಸುಟ್ಟ ಇಲ್ಲವೇ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಕಾಯಿ, ಹುಣಸೆಹಣ್ಣು, ಸಾರಿನ ಪುಡಿ ಸೇರಿಸಿ ರುಬ್ಬಿ ಆ ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರು. ಉಳಿದದ್ದಕ್ಕೆ ಒಗ್ಗರಣೆ ಹಾಕಿದರೆ ಪಲ್ಯ. ಒಂದೇ ಒಲೆ, ಒಂದೇ ಪಾತ್ರೆ, ಎರಡು ಅಡುಗೆ. ಇಷ್ಟೂ ಬೇಡ ಎನ್ನುವ ದಿನ ಉಪ್ಸಾರು. ಬಸಿದ ಕಟ್ಟು ಹಾಗೇ ಎಲೆಗೆ ಬರುತ್ತದೆ, ಪಕ್ಕಕ್ಕೆ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆಹಣ್ಣು, ಉಪ್ಪು ಅರೆದ ಖಾರದ ಒಂದು ಉಂಡೆ. ಎಷ್ಟು ಖಾರ ಕದಡಿಕೊಳ್ಳಬೇಕು ಎಂಬುದು ಉಣ್ಣುವವರ ಪಾಡು.

ಇದು ನೀರಿಲ್ಲದ ಊರಿನವರ ಅಡುಗೆ ಎಂದು ನನಗೆ ತಡವಾಗಿ ಹೊಳೆಯಿತು. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಪಾಲಾರ್, ದಕ್ಷಿಣ ಪಿನಾಕಿನಿ ಎಂದು ಶಾಲೆಯಲ್ಲಿ ನಕ್ಷೆಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದರು. ನಾವು ಕಂಡದ್ದು ಕೆರೆ, ಕೆರೆ ಬತ್ತಿದ ಮೇಲೆ ಬೋರ್‌ವೆಲ್, ಅದು ಸಾವಿರ ಅಡಿ ದಾಟಿದ ಮೇಲೆ ಟ್ಯಾಂಕರ್. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಬೆಂಗಳೂರು ಚೆಲ್ಲಿದ್ದನ್ನು ನಾವು ಹಿಡಿದಿಟ್ಟುಕೊಳ್ಳುತ್ತಿದ್ದೇವೆ, ಒಂದು ಲೆಕ್ಕಕ್ಕೆ ಅದೂ ಕಟ್ಟೇ. ಕೊಡ ಹೊತ್ತು ನೀರು ತಂದ ಹೆಂಗಸರು ಕಂಡುಕೊಂಡ ಅಡುಗೆಯನ್ನು ನಾನು ನಲ್ಲಿ ತಿರುಗಿಸಿ ಮಾಡಲು ಹೋಗಿದ್ದೆ.

2. ಮುದ್ದೆ ಮಾಡುವಾಗ ಕೈ ಕಟ್ಟಿಕೊಂಡು ಕೂರುವುದನ್ನು ಕಲಿಯಿರಿ

ನಮ್ಮ ಕಡೆ ಮುದ್ದೆಗೆ ಹಿಟ್ಟು ಎಂದೇ ಹೇಳುವುದು. “ಹಿಟ್ಟು ಉಂಡ್ಯಾ?” ಎಂದರೆ ಊಟ ಆಯಿತಾ ಎಂದು. ಮುಳಬಾಗಿಲು, ಶ್ರೀನಿವಾಸಪುರದ ತೆಲುಗು ಮನೆಗಳಲ್ಲಿ ಅದೇ ಸಂಗಟಿ, ನಮ್ಮ ಗಡಿಯಾಚೆ ತಮಿಳಿನವರಿಗೆ ಕಳಿ. ಮೂರು ಭಾಷೆಯಲ್ಲಿ ಹೆಸರು ಗೊತ್ತಿದ್ದ ನನಗೆ ಒಂದು ಭಾಷೆಯಲ್ಲೂ ಮಾಡಲು ಬರುತ್ತಿರಲಿಲ್ಲ.

ಕುದಿಯುವ ನೀರಿಗೆ ಹಿಟ್ಟು ಹಾಕಿ ತಕ್ಷಣ ತಿರುವಿದೆ. ಗಂಟುಗಳಾದವು. ಗಂಟು ಒಡೆಯಲು ಇನ್ನಷ್ಟು ತಿರುವಿದೆ, ಸ್ಟೀಲ್ ಸೌಟು ಬಾಗಿತು. ಬಲಗೈ ತಿರುವುತ್ತಿರುವಾಗ ಪಾತ್ರೆ ತಾನೂ ತಿರುಗತೊಡಗಿತು. ಎಡಗೈಯಲ್ಲಿ ಹಿಡಿಯಲು ಹೋಗಿ ಸುಟ್ಟುಕೊಂಡೆ, ಆ ಕಲೆ ಇನ್ನೂ ಇದೆ. ಕೊನೆಗೆ ಉಂಡೆ ಕಟ್ಟಿದ್ದನ್ನು ಮುರಿದರೆ ಒಳಗೆ ಬಿಳಿ ಹಸಿ ಹಿಟ್ಟು. ಒಬ್ಬ ಹಿರಿಯರು ಅದನ್ನು ಬೆರಳಿನಿಂದ ಆಚೆ ಸರಿಸಿ, “ನಮ್ಮ ಮನೇಲೂ ಮದುವೆಯಾದ ಹೊಸದರಲ್ಲಿ ಹೀಗೇ ಇತ್ತು” ಎಂದು ಸಮಾಧಾನ ಹೇಳಿದರು. ನಾಚಿಕೆ ಇನ್ನೂ ಜಾಸ್ತಿಯಾಯಿತು.

ಅಮ್ಮ ಮಾಡುವುದನ್ನು ಪಕ್ಕದಲ್ಲಿ ಕೂತು ನೋಡಿದೆ. ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು. ನೀರಿಗೆ ಮೊದಲು ಒಂದು ಚಮಚ ಹಿಟ್ಟು ಕದಡಿ ಹಾಕುತ್ತಾಳೆ. ಅದು ಕುದಿದು ಉಕ್ಕುವಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯುತ್ತಾಳೆ. ಗುಡ್ಡೆಯ ಮಧ್ಯಕ್ಕೆ ಕೋಲಿನಿಂದ ಒಂದು ತೂತು. ಆಮೇಲೆ ಏನೂ ಮಾಡುವುದಿಲ್ಲ. ಉರಿ ತಗ್ಗಿಸಿ ಎದ್ದು ಹೋಗಿ ದನಕ್ಕೆ ಹುಲ್ಲು ಹಾಕಿ ಬರುತ್ತಾಳೆ. ಅಷ್ಟರಲ್ಲಿ ತೂತಿನಿಂದ ನೀರು ಬುಗುಬುಗು ಎಂದು ಮೇಲೆ ಬಂದು ಗುಡ್ಡೆಯನ್ನು ಒಳಗಿನಿಂದ ಬೇಯಿಸಿರುತ್ತದೆ. ಬಂದು ಕವೆಗೋಲಿನಿಂದ ಪಾತ್ರೆಯನ್ನು ಅದುಮಿ ಹಿಡಿದು, ಹಿಟ್ಟಿನ ಕೋಲಿನಿಂದ ಪಾತ್ರೆಯ ಗೋಡೆಗೆ ಒತ್ತಿ ಒತ್ತಿ ತಿರುವುತ್ತಾಳೆ. ಎರಡು ನಿಮಿಷ. ಒದ್ದೆ ಮಾಡಿದ ಕಲ್ಲಿನ ಮೇಲೆ ಸುರಿದು ಕೈಗೆ ನೀರು ಮುಟ್ಟಿಸಿಕೊಂಡು ಉರುಳಿಸಿದರೆ ಕನ್ನಡಿಯಂಥ ಮುದ್ದೆ.

ನಡುವೆ ಏನೂ ಮಾಡದೆ ಬಿಡುತ್ತಾಳಲ್ಲ, ಆ ಹೊತ್ತು ನನಗೆ ಅತಿ ಕಷ್ಟದ್ದು. ಈಗಲೂ ಕೋಲು ಹಿಡಿದು ಮುಚ್ಚಳ ತೆಗೆದು ನೋಡುತ್ತಿರುತ್ತೇನೆ. ಇಪ್ಪತ್ತು ಮುದ್ದೆಯಲ್ಲಿ ಒಂದೆರಡರಲ್ಲಿ ಗಂಟು ಇದ್ದೇ ಇರುತ್ತದೆ. ಅವನ್ನು ಗುರುತು ಹಿಡಿದು ನನ್ನ ಎಲೆಗೆ ಹಾಕಿಕೊಳ್ಳುವುದನ್ನು ಕಲಿತಿದ್ದೇನೆ.

ಹಿಟ್ಟಿನ ವಿಷಯವೂ ಒಂದಿದೆ. ಮೊದಲ ವರ್ಷ ಅಂಗಡಿಯ ಪ್ಯಾಕೆಟ್ ಹಿಟ್ಟು ತಂದೆ, ಕಹಿ ಒಗರು ಬಂತು. ರಾಗಿ ಕಾಳಾಗಿದ್ದರೆ ವರ್ಷಗಟ್ಟಲೆ ಕೆಡುವುದಿಲ್ಲ. ಹಿಂದಿನವರು ನೆಲದೊಳಗಿನ ಹಗೇವಿನಲ್ಲಿ ತುಂಬಿಟ್ಟು ಬರಗಾಲಕ್ಕೆ ತೆಗೆಯುತ್ತಿದ್ದರು. ಹಿಟ್ಟು ಮಾಡಿಸಿದ ಮೇಲೆ ಮಾತ್ರ ಅದರ ಆಯಸ್ಸು ಕಡಿಮೆ. ಈಗ ಹದಿನೈದು ದಿನಕ್ಕೆ ಬೇಕಾದಷ್ಟನ್ನೇ ಮಿಲ್ಲಿಗೆ ಕೊಂಡೊಯ್ಯುತ್ತೇನೆ.

3. ಹುರುಳಿಕಾಳನ್ನು ಮೂರು ಸಲ ಆರಿಸಿ

ಹುರುಳಿ ಕಾಳಿನ ಬಣ್ಣ, ಗಾತ್ರ ನಮ್ಮ ಕೆಂಪು ನೆಲದ ಹರಳಿನದೇ. ಎರಡು ಸಲ ಕೇರಿ ಸಾಕು ಎಂದುಕೊಂಡೆ. ಒಬ್ಬರ ಹಲ್ಲಿನ ಕ್ಯಾಪು ಕಿತ್ತು ಬಂತು, ದಂತವೈದ್ಯರ ಬಿಲ್ಲು ನಾನೇ ಕೊಟ್ಟೆ. ಆ ತಿಂಗಳ ಲಾಭ ಅಲ್ಲಿಗೆ ಮುಗಿಯಿತು. ಹುರುಳಿಕಟ್ಟು ಚೆನ್ನಾಗಿತ್ತು ಎಂದು ಮಾತ್ರ ಅವರೇ ಹೇಳಿದರು.

4. ಅಗಿಯಬೇಡಿ ಎಂದು ಮೊದಲೇ ಹೇಳಿಬಿಡಿ

ನಮ್ಮ ಅಕ್ಕನ ಮಗ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಕೆಲಸದಲ್ಲಿದ್ದಾನೆ. ಒಂದು ಜನವರಿಯಲ್ಲಿ ಜೊತೆಗೆ ಕೆಲಸ ಮಾಡುವ ಒಬ್ಬರನ್ನು ಕರೆದುಕೊಂಡು ಬಂದ. ಟಿಚಿನೊ ಎಂಬ ಪ್ರಾಂತ್ಯದವರು, ಅಲ್ಲಿ ಇಟಾಲಿಯನ್ ಮಾತಾಡುತ್ತಾರೆ. ವಯಸ್ಸು ಅರವತ್ತರ ಹತ್ತಿರ. ವಿದೇಶದ ಅತಿಥಿ ಎಂದು ನಾನು ಮಾಡಿದ ಎಡವಟ್ಟು ಕೇಳಿ. ಅವರಿಗಾಗಿ ಬೇರೆ ಅಡುಗೆ ಮಾಡಿಸಿದೆ, ಪನೀರ್ ಮಸಾಲೆ, ಫ್ರೈಡ್ ರೈಸ್, ಬ್ರೆಡ್ಡು. ಉಳಿದವರ ಎಲೆಯಲ್ಲಿ ಮುದ್ದೆ, ಅವರೆಕಾಳು ಸಾರು. ಅವರು ಪಕ್ಕದ ಎಲೆ ನೋಡಿದರು, ತಮ್ಮ ತಟ್ಟೆ ನೋಡಿದರು, ಅಕ್ಕನ ಮಗನಿಗೆ ಏನೋ ಹೇಳಿದರು. “ಮಾವ, ನನಗ್ಯಾಕೆ ಆಸ್ಪತ್ರೆ ಊಟ ಅಂತಾವ್ರೆ” ಎಂದ ಅವನು.

ಮುದ್ದೆ ಬಡಿಸಿದೆ. ಮುರಿದು ಸಾರಿನಲ್ಲಿ ಅದ್ದಿ ನುಂಗಬೇಕು ಎಂದು ಹೇಳಲು ಮರೆತೆ. ಅವರು ಬಾಯಿಗೆ ಹಾಕಿಕೊಂಡು ಅಗಿಯತೊಡಗಿದರು. ಅಗಿದಷ್ಟೂ ಅದು ಹಲ್ಲಿಗೆ, ಅಂಗುಳಕ್ಕೆ ಮೆತ್ತಿಕೊಂಡಿತು. ಪಡಸಾಲೆಯ ಇಪ್ಪತ್ತು ಜನ ಉಣ್ಣುವುದು ಬಿಟ್ಟು ಅವರ ದವಡೆಯನ್ನೇ ನೋಡುತ್ತಿದ್ದರು. ಮಜ್ಜಿಗೆ ಕುಡಿಸಿ ಆ ತುತ್ತನ್ನು ಒಳಗೆ ಕಳಿಸಬೇಕಾಯಿತು. ಅರ್ಧ ಮುದ್ದೆ ಹಾಗೇ ಉಳಿಯಿತು. ಅವರಿಗೆ ಮುದ್ದೆ ಬಹಳ ಇಷ್ಟವಾಯಿತು ಎಂದು ಬರೆಯುವ ಆಸೆ ನನಗೂ ಇದೆ, ಆದರೆ ಆಗಲಿಲ್ಲ. ಸಾರನ್ನು ಮಾತ್ರ ಮೂರು ಸಲ ಹಾಕಿಸಿಕೊಂಡು ಲೋಟದಲ್ಲಿ ಕುಡಿದರು.

ಸಂಜೆ ಜಗುಲಿಯಲ್ಲಿ ಕೂತು, ನಿಮ್ಮ ಕಡೆ ಬಂದರೆ ಏನು ತಿನ್ನಬೇಕು ಎಂದು ಕೇಳಿದೆ. ಅಕ್ಕನ ಮಗ ಕನ್ನಡಕ್ಕೆ ತಿರುಗಿಸುತ್ತ ಹೋದ. ಮೊದಲು ಪೊಲೆಂಟಾ ಎಂದರು. ಮೆಕ್ಕೆಜೋಳದ ಹಿಟ್ಟನ್ನು ತಾಮ್ರದ ಹಂಡೆಯಲ್ಲಿ ಮರದ ಕೋಲಿನಿಂದ ಬಹಳ ಹೊತ್ತು ತಿರುವಿ ಮಾಡುವುದು, ಹಿಂದೆ ಬಡವರು ದಿನಾ ಉಣ್ಣುತ್ತಿದ್ದ ಊಟ. ಬೆರ್ನ್ ಕಡೆ ಹೋದರೆ ರೋಸ್ಟಿ, ಬೇಯಿಸಿದ ಆಲೂಗಡ್ಡೆ ತುರಿದು ಹೆಂಚಿನ ಮೇಲೆ ರೊಟ್ಟಿಯಂತೆ ಕೆಂಪಗೆ ಮಾಡಿದ್ದು, ರೈತರ ಬೆಳಗಿನ ತಿಂಡಿ. ಜರ್ಮನ್ ಮಾತಾಡುವವರಿಗೂ ಫ್ರೆಂಚ್ ಮಾತಾಡುವವರಿಗೂ ನಡುವಿನ ಗಡಿಗೆ ಅವರು ತಮಾಷೆಗೆ ರೋಸ್ಟಿ ಕಂದಕ ಎನ್ನುತ್ತಾರಂತೆ. ಹಿಟ್ಟು, ಸಂಗಟಿ, ಕಳಿ ಎಂದು ನಮ್ಮ ಗಡಿಯನ್ನು ನಾನೂ ಹೇಳಿದೆ. ವಾಲೆ ಪ್ರಾಂತ್ಯದ ರಾಕ್ಲೆಟ್ ಎಂದರೆ ಚೀಸಿನ ಗಟ್ಟಿಯ ಮುಖವನ್ನು ಬೆಂಕಿಗೆ ಹಿಡಿದು, ಕರಗಿದ್ದನ್ನು ಬೆಂದ ಆಲೂಗಡ್ಡೆಯ ಮೇಲೆ ಕೆರೆದು ಹಾಕುವುದು. ಬೆಟ್ಟದ ಮೇಲೆ ದನ ಕಾಯುವವರ ಊಟ ಇನ್ನೊಂದು, ಒಣ ಪಾಸ್ತಾ, ಆಲೂಗಡ್ಡೆ, ಕೆನೆ, ಚೀಸು, ಈರುಳ್ಳಿ ಎಲ್ಲ ಸೇರಿಸಿ ಮಾಡಿದ್ದಕ್ಕೆ ಸೇಬಿನ ಗೊಜ್ಜು ನಂಚಿಕೊಳ್ಳುವುದು. ಆಲ್ಪ್ಸ್‌ನ ತುದಿಗೆ ಹೊತ್ತೊಯ್ದರೂ ಕೆಡದ ಸಾಮಾನು, ಅಲ್ಲೇ ಕರೆದ ಹಾಲಿನ ಕೆನೆ, ಚೀಸು, ಅಷ್ಟೇ ಅದರಲ್ಲಿರುವುದು. ಇನ್ನು ಫಾಂಡ್ಯೂ. ಎಲ್ಲರೂ ಒಂದೇ ಪಾತ್ರೆಯ ಕರಗಿದ ಚೀಸಿಗೆ ಬ್ರೆಡ್ಡಿನ ತುಂಡು ಅದ್ದಿ ತಿನ್ನುವುದು. ಕೊನೆಗೆ ಪಾತ್ರೆಯ ತಳಕ್ಕೆ ಹಿಡಿದ ಹಕ್ಕಳೆಗೆ ಒಂದು ಹೆಸರೇ ಇದೆಯಂತೆ, ಫ್ರೆಂಚಿನಲ್ಲಿ ಸನ್ಯಾಸಿನಿ ಎಂದರ್ಥ. ಅದಕ್ಕೆ ಕಿತ್ತಾಡುತ್ತಾರಂತೆ. ಮುದ್ದೆ ಪಾತ್ರೆಯ ತಳದ ಸೀಕಿಗೆ ನಾನೂ ಅಕ್ಕನೂ ಜಗಳವಾಡಿದ್ದು ಅಮ್ಮನಿಗೆ ನೆನಪಾಗಿ ನಕ್ಕಳು.

ಮರುದಿನ ಬೆಳಗ್ಗೆ ಅವರು ಅಡುಗೆಮನೆಗೆ ಬಂದು ತಂಗಳ ಮುದ್ದೆ ತೋರಿಸಿ ಚಾಕು ಕೇಳಿದರು. ಪೊಲೆಂಟಾ ಮಿಕ್ಕರೆ ಹೋಳು ಮಾಡಿ ಬೆಣ್ಣೆಯಲ್ಲಿ ಹುರಿಯುವುದು ಅವರ ಮನೆಯ ಪದ್ಧತಿ. ನಮ್ಮಲ್ಲಾದರೆ ತಂಗಳ ಮುದ್ದೆಯನ್ನು ಮಜ್ಜಿಗೆಗೆ ಕಿವುಚಿ ಈರುಳ್ಳಿ, ಹಸಿಮೆಣಸಿನಕಾಯಿ ಕಚ್ಚಿಕೊಂಡು ಕುಡಿಯುವುದು. ಅರ್ಧ ಹೋಳುಗಳು ಬಾಣಲೆಯಲ್ಲೇ ಪುಡಿಯಾದವು. ಉಳಿದದ್ದನ್ನು ಅಮ್ಮನಿಗೆ ಕೊಟ್ಟರು. ಅಮ್ಮ ಒಂದು ತುಂಡು ತಿಂದು, “ಕೆಟ್ಟೋಗಿಲ್ಲ” ಎಂದಳು. ಅಮ್ಮನ ಬಾಯಲ್ಲಿ ಅದು ದೊಡ್ಡ ಹೊಗಳಿಕೆ, ನನಗೆ ಅಷ್ಟೂ ಸಿಕ್ಕಿಲ್ಲ.

5. ಅವರೆಕಾಯಿಗೆ ತನ್ನದೇ ಪಂಚಾಂಗವಿದೆ

ನಮ್ಮ ಕಡೆ ಬಂದು ಒಂದೇ ಒಂದು ತಿನ್ನಬೇಕು ಎಂದರೆ ನಾನು ಹಿತುಕಿದ ಬೇಳೆ ಸಾರು ಎನ್ನುತ್ತೇನೆ. ಅವರೆಕಾಯಿ ಸುಲಿದು, ಕಾಳನ್ನು ರಾತ್ರಿ ನೆನೆಹಾಕಿ, ಬೆಳಗ್ಗೆ ಒಂದೊಂದನ್ನೂ ಎರಡು ಬೆರಳ ನಡುವೆ ಹಿತುಕಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಚಿಮ್ಮುತ್ತದೆ. ಇಪ್ಪತ್ತು ಜನಕ್ಕೆ ಬೇಕಾದಷ್ಟು ಹಿತುಕಲು ಮನೆಯವರೆಲ್ಲ ಕೂತರೂ ಅರ್ಧ ದಿನ. ಚಿಟಿಕೆ ಹೊಡೆದಂತೆ ಆ ಸದ್ದು, ಗೋಡೆಗೆ ಹಾರಿದ ಬೇಳೆ, ಅದನ್ನು ಕುಕ್ಕಲು ಬಂದ ಕೋಳಿ, ಇದೆಲ್ಲ ಸೇರಿಯೇ ಆ ಸಾರು.

ಅದು ಜನರಿಗೆ ಹಿಡಿಸಿದ್ದನ್ನು ಕಂಡು ನನಗೆ ದುರಾಸೆ ಹುಟ್ಟಿತು. “ವರ್ಷಪೂರ್ತಿ ಹಿತುಕಿದ ಬೇಳೆ” ಎಂದು ಬೋರ್ಡು ಬರೆಸಿದೆ. ಜೂನ್‌ನಲ್ಲೂ ಮಾರುಕಟ್ಟೆಯಲ್ಲಿ ಅವರೆಕಾಯಿ ಸಿಗುತ್ತಿತ್ತು, ತಂದೆ, ಮಾಡಿದೆ. ನೋಡಲು ಅದೇ ಸಾರು. ಆದರೆ ಹಿಂದಿನ ಜನವರಿಯಲ್ಲಿ ಮೂರು ಸಲ ಹಾಕಿಸಿಕೊಂಡಿದ್ದ ಒಬ್ಬರು ಈ ಸಲ ಮೂಗನ್ನು ಎಲೆಯ ಹತ್ತಿರ ತಂದು, “ಸೊಗಡೇ ಇಲ್ವಲ್ಲ ಸ್ವಾಮಿ” ಎಂದು ಕೈ ತೊಳೆದರು.

ಆಮೇಲೆ ಪಕ್ಕದ ಹೊಲದ ಗೌಡರ ಹತ್ತಿರ ಪಾಠ ಹೇಳಿಸಿಕೊಂಡೆ. ನಾಟಿ ಅವರೆ ಹಗಲಿನ ಉದ್ದ ನೋಡಿ ಹೂ ಬಿಡುವ ಗಿಡ. ಮುಂಗಾರಿನಲ್ಲಿ ರಾಗಿಯ ಜೊತೆ ಅಕ್ಕಡಿ ಸಾಲಿನಲ್ಲಿ, ತೊಗರಿ, ಹುಚ್ಚೆಳ್ಳು, ಹರಳಿನ ಪಕ್ಕದಲ್ಲಿ ಬಿತ್ತಿದರೂ ಹಗಲು ಕಿರಿದಾಗುವ ತನಕ ಹೂ ಬಿಡುವುದಿಲ್ಲ. ರಾಗಿ ಕೊಯ್ಲಾದ ಮೇಲೆ ಹೊಲ ಅದರದ್ದೇ. ಚಳಿ, ಇಬ್ಬನಿ ಬಿದ್ದ ಮೇಲೆ ಕಾಯಿಯ ಸಿಪ್ಪೆಯ ಮೇಲೆ ಕೈಗೆ ಅಂಟುವ ಎಣ್ಣೆಯಂಥದು ಬರುತ್ತದೆ, ಅದರ ಘಮವೇ ಸೊಗಡು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳ ಅವರೆ 3, ಹೆಬ್ಬಾಳ ಅವರೆ 4 ಎಂಬ ತಳಿಗಳನ್ನು ತಂದರು. ಅವಕ್ಕೆ ಹಗಲಿನ ಲೆಕ್ಕವಿಲ್ಲ, ಯಾವಾಗ ಬಿತ್ತಿದರೂ ಕಾಯಿ ಬಿಡುತ್ತವೆ. ರೈತನಿಗೆ ಅದರಿಂದ ಅನುಕೂಲವಾಗಿದೆ, ಅದನ್ನು ಹಳಿಯುವ ಯೋಗ್ಯತೆ ನನಗಿಲ್ಲ. ಆದರೆ ಜೂನ್‌ನಲ್ಲಿ ಜನವರಿಯ ವಾಸನೆ ಬಡಿಸುತ್ತೇನೆ ಎಂದು ಬೋರ್ಡು ಬರೆಸಿದವನು ನಾನು. ಬೋರ್ಡು ಈಗ ಕೋಳಿಗೂಡಿನ ಬಾಗಿಲಾಗಿದೆ.

6. ಸೊಪ್ಪು ಗುರುತಿಸಲು ಅಜ್ಜಿಯೊಬ್ಬರು ಬೇಕು

ಮಸ್ಸೊಪ್ಪಿಗೆ ಮೊದಲ ಸಲ ನಾನು ತಂದದ್ದು ಪಾಲಕ್ಕು, ಮೆಂತ್ಯ. ಬೇಯಿಸಿದ ಮೇಲೆ ಮಿಕ್ಸಿಗೆ ಹಾಕಿ ತಿರುಗಿಸಿದೆ. ಹಸಿರು ಗೋಂದಾಯಿತು. ಮಸ್ಸೊಪ್ಪು ಎಂದರೆ ಮಸೆದ ಸೊಪ್ಪು, ಕಡಗೋಲಿನಿಂದ ಮಸೆದರೆ ಎಲೆಯ ತುಣುಕು ಅಲ್ಲಲ್ಲಿ ಉಳಿದು ನಾಲಿಗೆಗೆ ಸಿಗುತ್ತದೆ. ಮಿಕ್ಸಿ ಅದನ್ನು ಉಳಿಸುವುದಿಲ್ಲ.

ಅದಕ್ಕಿಂತ ದೊಡ್ಡ ತಪ್ಪು ಸೊಪ್ಪಿನದು. ಮಸ್ಸೊಪ್ಪಿಗೆ ಬೇಕಾದದ್ದು ಬೆರಕೆ ಸೊಪ್ಪು, ಯಾರೂ ಬಿತ್ತದೆ ಹೊಲದ ಸಾಲಿನಲ್ಲಿ, ಬದುವಿನಲ್ಲಿ ಮಳೆಗೆ ತಾನೇ ಹುಟ್ಟಿದ್ದು. ನಮ್ಮ ಬೀದಿಯ ಅಜ್ಜಿಯೊಬ್ಬರು ನನ್ನನ್ನು ಹೊಲಕ್ಕೆ ಕರೆದುಕೊಂಡು ಹೋದರು. ಬಗ್ಗಿದವರು ಎದ್ದೇಳದೆ ಹೆಸರು ಹೇಳುತ್ತ ಹೋದರು. ಅಣ್ಣೆ ಸೊಪ್ಪು, ಗಣಿಕೆ ಸೊಪ್ಪು, ಹೊನಗೊನೆ, ಕಿರ್ಕಸಾಲೆ, ಗೋಣಿ ಸೊಪ್ಪು, ಎಳೆಯ ತಗಚೆ. ನನಗೆ ಎಲ್ಲವೂ ಒಂದೇ ಹುಲ್ಲು. ಅವರ ಮಡಿಲು ತುಂಬುವ ಹೊತ್ತಿಗೆ ನನ್ನ ಚೀಲದಲ್ಲಿ ಒಂದು ಹಿಡಿ ಇತ್ತು. ಅದನ್ನೂ ಜಗುಲಿಯ ಮೇಲೆ ಸುರಿದು ಅರ್ಧಕ್ಕಿಂತ ಹೆಚ್ಚನ್ನು ಮೇಕೆಗೆ ಹಾಕಿದರು. ಒಂದು ಎಲೆಯನ್ನು ಮಾತ್ರ ಮೇಕೆಗೂ ಹಾಕದೆ ತಿಪ್ಪೆಗೆ ಎಸೆದರು. ಅದೇನು ಎಂದು ಕೇಳಿದರೆ, “ನಿಂಗ್ಯಾಕೆ, ಇನ್ನೊಂದ್ಸಲ ಕಿತ್ಕೊಂಡು ಬರ್ಬೇಡ” ಎಂದಷ್ಟೇ ಹೇಳಿದರು.

ಎರಡು ವರ್ಷ ಅವರ ಹಿಂದೆ ಓಡಾಡಿದ ಮೇಲೆ ಆರೇಳು ಸೊಪ್ಪು ನನಗೂ ಪರಿಚಯವಾದವು. ಒಂದು ದಿನ ಒಬ್ಬನೇ ಹೋಗಿ ಸೊಂಪಾದ ಸೊಪ್ಪು ತಂದೆ. ಅಜ್ಜಿ ನೋಡಿ ಯಾವ ಹೊಲದ್ದು ಎಂದರು, ಹೇಳಿದೆ. ಮೂರು ದಿನದ ಹಿಂದೆ ಅಲ್ಲಿ ಕಳೆನಾಶಕ ಹೊಡೆದಿದ್ದರು. ಎಲೆ ಇನ್ನೂ ಬಾಡಿರಲಿಲ್ಲ ಅಷ್ಟೆ. ಆ ಭಾನುವಾರ ಇಪ್ಪತ್ತು ಜನ ಆಸ್ಪತ್ರೆ ಸೇರದಿದ್ದುದು ಅಜ್ಜಿಯ ಒಂದು ಪ್ರಶ್ನೆಯಿಂದ. ಸೊಪ್ಪಿನ ಹೆಸರು ಗೊತ್ತಿದ್ದರೆ ಸಾಲದು, ಹೊಲದ ಯಜಮಾನರ ಮನೆಗೆ ಹೋಗಿ ಕೇಳಬೇಕು. ಅಜ್ಜಿ ತೀರಿಕೊಂಡು ನಾಲ್ಕು ವರ್ಷವಾಯಿತು. ಈಗ ನಮ್ಮ ಮಸ್ಸೊಪ್ಪಿನಲ್ಲಿ ಆರೇ ಬಗೆ, ಅವರು ಇದ್ದಾಗ ಹನ್ನೆರಡಕ್ಕೆ ಕಡಿಮೆ ಇರುತ್ತಿರಲಿಲ್ಲ. ಉಳಿದವು ಹೊಲದಲ್ಲಿ ಈಗಲೂ ಹುಟ್ಟುತ್ತಿರಬಹುದು, ತುಳಿದುಕೊಂಡು ಬರುತ್ತೇನೆ.

7. ನಾಟಿ ಕೋಳಿ ಎಂದು ಫಾರಂ ಕೋಳಿ ಬಡಿಸಬೇಡಿ

ಮಾಡಿದ್ದೇನೆ. ಒಂದೇ ಸಲ. ಅವತ್ತು ನಾಟಿ ಕೋಳಿ ಸಿಗಲಿಲ್ಲ, ಒಪ್ಪಿಕೊಂಡಿದ್ದೆ, ಮಸಾಲೆ ಜಾಸ್ತಿ ಹಾಕಿದರೆ ಗೊತ್ತಾಗುವುದಿಲ್ಲ ಎಂದುಕೊಂಡೆ. ಬಂದವರಲ್ಲಿ ಹಿರಿಯರೊಬ್ಬರು ಮೂಳೆ ಕಚ್ಚಿದರು. ಅದು ಪುಟ್ಟನೆ ಮುರಿಯಿತು. ಅವರು ಮೂಳೆಯನ್ನು ಎಲೆಯ ತುದಿಯಲ್ಲಿಟ್ಟು ನನ್ನ ಮುಖ ನೋಡಿ, ಮಿಕ್ಕ ಊಟವನ್ನು ಮಾತಿಲ್ಲದೆ ಮುಗಿಸಿ, ಪೂರ್ತಿ ದುಡ್ಡು ಕೊಟ್ಟು ಹೋದರು. ಬೈದಿದ್ದರೆ ನಾನು ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ.

8. ಮುಳಬಾಗಿಲು ದೋಸೆಗೆ ಮುಳಬಾಗಿಲಿಗೇ ಹೋಗಿ

ಗಾತ್ರದಲ್ಲಿ ಚಿಕ್ಕದು, ದಪ್ಪ. ಹೊರಗೆ ಗರಿ, ಒಳಗೆ ಹತ್ತಿ, ಮೇಲೆ ತುಪ್ಪ, ಒಳಗೆ ಕೆಂಪು ಚಟ್ನಿ, ಪಲ್ಯ. ಬೆಳಗಿನ ಹೊತ್ತಿಗೂ ಏನಾದರೂ ಇರಲಿ ಎಂದು ಅದನ್ನು ಮಾಡಲು ಹೋದೆ. ಮೂರು ತಿಂಗಳಲ್ಲಿ ಎರಡು ಹೆಂಚು, ಲೆಕ್ಕವಿಲ್ಲದಷ್ಟು ತುಪ್ಪ ಹಾಳಾಯಿತು. ಬಂದದ್ದು ಒಮ್ಮೆ ಸೆಟ್ ದೋಸೆ, ಒಮ್ಮೆ ಉತ್ತಪ್ಪ. ಹಿಟ್ಟಿನ ಹುಳಿ ಎಷ್ಟಿರಬೇಕು, ಹೆಂಚು ಎಷ್ಟು ಕಾಯಬೇಕು ಎಂಬುದು ದಿನಕ್ಕೆ ನೂರಾರು ದೋಸೆ ಹುಯ್ಯುವ ಕೈಗೆ ಗೊತ್ತು, ಭಾನುವಾರ ಮಾತ್ರ ಸೌಟು ಹಿಡಿಯುವವನಿಗೆ ದಕ್ಕುವುದಲ್ಲ. ಈಗ ಕೇಳಿದವರಿಗೆ ಮುಳಬಾಗಿಲಿನ ದಾರಿ ಹೇಳುತ್ತೇನೆ. ಬೆಳಗ್ಗೆ ಅಲ್ಲಿ ದೋಸೆ ತಿಂದು, ಕುರುಡುಮಲೆಯ ದೊಡ್ಡ ಗಣಪತಿಗೆ ಕೈ ಮುಗಿದು, ಮಧ್ಯಾಹ್ನಕ್ಕೆ ಬೇಕಾದರೆ ನಮ್ಮಲ್ಲಿಗೆ ಬನ್ನಿ.

2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾದಾಗ ರಾಗಿ ಪಿಜ್ಜಾ ಕೂಡ ಮಾಡಿದೆ. ಅದರ ಬಗ್ಗೆ ಪ್ರತ್ಯೇಕ ಪಾಠ ಬೇಡ, ನಮ್ಮ ನಾಯಿ ಮೂಸಿ ಮುಂದೆ ಹೋಯಿತು.

9. ಒಬ್ಬಟ್ಟಿನ ಸಾರನ್ನು ನೆನ್ನೆಯದು ಎಂದು ಹೇಳಲು ಸಂಕೋಚಪಡಬೇಡಿ

ಯುಗಾದಿಯ ಒಬ್ಬಟ್ಟಿಗೆ ತೊಗರಿಬೇಳೆ ಬೇಯಿಸಿ ಬಸಿದ ಕಟ್ಟು ಇರುತ್ತದಲ್ಲ, ಅದಕ್ಕೆ ಒಂದು ಉಂಡೆ ಹೂರಣ, ರುಬ್ಬಿದ ಮಸಾಲೆ, ಹುಣಸೆಹಣ್ಣು ಸೇರಿಸಿ ಕುದಿಸಿದ್ದು ಒಬ್ಬಟ್ಟಿನ ಸಾರು. ಸಿಹಿ, ಹುಳಿ, ಖಾರ ಮೊದಲ ದಿನ ಬೇರೆಬೇರೆ ಇರುತ್ತವೆ. ರಾತ್ರಿ ಒಂದು ಕುದಿ, ಬೆಳಗ್ಗೆ ಒಂದು ಕುದಿ ಕಂಡ ಮೇಲೆ ಒಂದಾಗುತ್ತವೆ. ಇದು ಗೊತ್ತಿದ್ದೂ, ನೆನ್ನೆಯ ಸಾರು ಬಡಿಸಿದರೆ ಬಂದವರು ಏನಂದುಕೊಂಡಾರು ಎಂದು ಒಂದು ವರ್ಷ ಹೊಸದಾಗಿ ಮಾಡಿಸಿ ಬಡಿಸಿದೆ. ನೆನ್ನೆಯದು ಮನೆಯವರಿಗೆ ಎಂದು ಒಳಗಿತ್ತು. ಊಟದ ನಡುವೆ ಒಂದು ಪುಟ್ಟ ಹುಡುಗಿ ನೀರು ಕೇಳಿಕೊಂಡು ಅಡುಗೆಮನೆಗೆ ಬಂದಳು. ಅಮ್ಮ ಅವಳಿಗೆ ಒಳಗಿನ ಸಾರಿನಲ್ಲಿ ಎರಡು ತುತ್ತು ಅನ್ನ ಕಲಸಿ ಕೊಟ್ಟಳು. ಹುಡುಗಿ ಪಡಸಾಲೆಗೆ ಓಡಿ, “ಅಪ್ಪಾ, ಒಳ್ಳೇ ಸಾರು ಒಳಗಡೆ ಐತೆ” ಎಂದು ಕೂಗಿದಳು. ಹೊಸ ಸಾರು ಹಾಗೇ ಉಳಿಯಿತು. ಮರುದಿನ ನಾವು ಉಂಡೆವು, ಚೆನ್ನಾಗಿತ್ತು.

ಬರುವವರು ಶುಕ್ರವಾರದೊಳಗೆ ಹೇಳಿಬಿಡಿ. ಭಾನುವಾರ ಹನ್ನೆರಡೂವರೆಗೆ ಎಲೆ ಹಾಕುತ್ತೇವೆ, ತಡವಾಗಿ ಬಂದರೆ ಮುದ್ದೆ ಆರಿರುತ್ತದೆ, ಅದಕ್ಕೆ ನಾನು ಹೊಣೆಯಲ್ಲ. ಅವರೆ ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಮಾತ್ರ. ಬೇಗ ಬಂದವರಿಗೆ ಹಿತುಕಲು ಕಾಳು ಕೊಡುತ್ತೇವೆ, ಅದಕ್ಕೆ ದುಡ್ಡು ಕಡಿಮೆ ಮಾಡುವುದಿಲ್ಲ.